ಹಾಸ್ಟೆಲ್‌ನಲ್ಲಿ ನೀವು, ಊರಲ್ಲಿ ನಿಮ್ಮ ವೋಟು: ಕಾಲೇಜು ವಿದ್ಯಾರ್ಥಿಗಳಿಗೊಂದು ಕೈಪಿಡಿ

ಚುನಾವಣೆ ಬಂತೆಂದರೆ ಕಾಲೇಜುಗಳಲ್ಲಿ ಒಂದು ಜಾಥಾ, ಒಂದು ರಂಗೋಲಿ ಸ್ಪರ್ಧೆ, ಒಂದು ಪ್ರತಿಜ್ಞೆ ಆಗುತ್ತದೆ. ಬಲಗೈ ಮುಂದೆ ಚಾಚಿ ಪ್ರತಿಜ್ಞೆ ಹೇಳಿದವರಲ್ಲಿ ಎಷ್ಟು ಜನರ ಹೆಸರು ಮತದಾರರ ಪಟ್ಟಿಯಲ್ಲಿದೆ ಅಂತ ಆಮೇಲೆ ಕೇಳಿ ನೋಡಿ. ಕೆಲವರದು ಇಲ್ಲವೇ ಇಲ್ಲ. ಇನ್ನು ಕೆಲವರದು ಮುನ್ನೂರು ಕಿಲೋಮೀಟರ್ ಆಚೆಯ ಊರಲ್ಲಿದೆ, ಆ ದಿನ ಹೋಗಿ ಬರುವುದಕ್ಕೆ ಆಗುವುದಿಲ್ಲ, ಮಾರನೇ ದಿನ ಇಂಟರ್ನಲ್ಸ್ ಇದೆ. ಈಗಿನ ಹುಡುಗರಿಗೆ ಆಸಕ್ತಿಯೇ ಇಲ್ಲ ಅಂತ ಬೈಯುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ತೊಂದರೆ ಇರುವುದು ವಿಳಾಸದಲ್ಲಿ. ಅದನ್ನು ಮೊದಲು ಸರಿ ಮಾಡಿಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ.

ಒಂದು ವೋಟಿನಿಂದ ಏನಾಗುತ್ತೆ ಅಂತ ಕೇಳುವವರು ಪ್ರತಿ ಕ್ಲಾಸಲ್ಲೂ ಇರುತ್ತಾರೆ. ಅವರಿಗೆ ಭಾಷಣ ಬೇಡ, ಎರಡು ಫಲಿತಾಂಶ ಹೇಳಿ ಸಾಕು. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ವೋಟಿನಿಂದ. 40,752 ಅವರಿಗೆ, 40,751 ಎ.ಆರ್. ಕೃಷ್ಣಮೂರ್ತಿ ಅವರಿಗೆ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ರಾತ್ರಿವರೆಗೂ ಮರುಎಣಿಕೆ ನಡೆದು ಕೊನೆಗೆ ಸಿ.ಕೆ. ರಾಮಮೂರ್ತಿ ಗೆದ್ದದ್ದು 16 ವೋಟಿನಿಂದ. ಒಂದು ಹಾಸ್ಟೆಲ್ ಕಾರಿಡಾರಿನಲ್ಲಿ ಅದಕ್ಕಿಂತ ಜಾಸ್ತಿ ಜನ ಇರುತ್ತಾರೆ.

ಮೊದಲು: ನಿಮ್ಮ ಹೆಸರು ಎಲ್ಲಿರಬೇಕು ಅಂತ ತೀರ್ಮಾನ ಮಾಡಿ

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಮನೆ ಬಿಟ್ಟು ಹಾಸ್ಟೆಲ್ಲಿನಲ್ಲೋ ಮೆಸ್ಸಿನಲ್ಲೋ ಇದ್ದು ಓದುವ ವಿದ್ಯಾರ್ಥಿಗೆ ಎರಡು ದಾರಿ ಇದೆ. ಅಪ್ಪ ಅಮ್ಮ ಇರುವ ಊರಿನ ಪಟ್ಟಿಯಲ್ಲಿ ಹೆಸರು ಸೇರಿಸಬಹುದು, ಇಲ್ಲವೇ ಈಗ ಇರುವ ಹಾಸ್ಟೆಲ್ ವಿಳಾಸಕ್ಕೇ ಸೇರಿಸಬಹುದು. ಹಾಸ್ಟೆಲ್ ವಿಳಾಸ ಬೇಕೆಂದರೆ ಓದುತ್ತಿರುವ ಕೋರ್ಸ್ ಮಾನ್ಯತೆ ಪಡೆದದ್ದಾಗಿರಬೇಕು, ಕನಿಷ್ಠ ಒಂದು ವರ್ಷದ್ದಾಗಿರಬೇಕು, ಪ್ರಾಂಶುಪಾಲರಿಂದ ಬೋನಫೈಡ್ ಸರ್ಟಿಫಿಕೇಟ್ ತಂದು ಅರ್ಜಿಯ ಜೊತೆ ಕೊಡಬೇಕು. ಎರಡೂ ಕಡೆ ಇಟ್ಟುಕೊಳ್ಳುವ ಹಾಗಿಲ್ಲ. ಅದು ಕಾನೂನಿಗೆ ವಿರುದ್ಧ, ಮತ್ತು ಅರ್ಜಿಯಲ್ಲಿ ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಆಗಬಹುದು ಅಂತ ಫಾರಂನಲ್ಲೇ ಬರೆದಿರುತ್ತಾರೆ.

ಹಾಗಾದರೆ ಯಾವುದು ಒಳ್ಳೆಯದು? ಮೂರು ತಿಂಗಳಿಗೊಮ್ಮೆಯಾದರೂ ಊರಿಗೆ ಹೋಗುತ್ತೀರಿ, ಊರಿನ ಕೆರೆ, ರಸ್ತೆ, ಶಾಲೆಯ ವಿಷಯ ಮನಸ್ಸಿಗೆ ಹತ್ತಿರ ಅಂದರೆ ಊರಲ್ಲೇ ಇಟ್ಟುಕೊಳ್ಳಿ. ಯಾಕೆಂದರೆ ಹೆಸರು ಇರುವ ಕಡೆಯೇ ಗ್ರಾಮ ಪಂಚಾಯಿತಿ ವೋಟೂ ಬರುತ್ತದೆ, ಗ್ರಾಮ ಸಭೆಯಲ್ಲಿ ಕೂರುವ ಹಕ್ಕೂ ಬರುತ್ತದೆ. ಐದು ವರ್ಷದ ಎಲ್‌ಎಲ್‌ಬಿ ಅಥವಾ ಎಂಬಿಬಿಎಸ್ ಓದುತ್ತಿದ್ದೀರಿ, ಊರಿಗೆ ಹೋಗುವುದು ವರ್ಷಕ್ಕೊಮ್ಮೆ ಹಬ್ಬಕ್ಕೆ ಮಾತ್ರ ಅನ್ನುವವರು ಹಾಸ್ಟೆಲ್ಲಿಗೆ ಬದಲಾಯಿಸಿಕೊಳ್ಳುವುದೇ ವಾಸಿ. ನೀವು ದಿನಾ ಓಡಾಡುವ ರಸ್ತೆಯ ಶಾಸಕರು ಯಾರು ಅನ್ನುವುದರಲ್ಲಿ ನಿಮಗೂ ಪಾಲು ಇರಲಿ ಅಲ್ವಾ. ನನ್ನ ಸಲಹೆ ಇಷ್ಟೇ: ವೋಟಿನ ದಿನ ನೀವು ನಿಜವಾಗಿ ಎಲ್ಲಿರುತ್ತೀರಿ ಅನ್ನುವುದನ್ನು ನೋಡಿ ತೀರ್ಮಾನ ಮಾಡಿ. ಭಾವನೆ ನೋಡಿ ಬೇಡ.

ವಿದೇಶಕ್ಕೆ ಓದಲು ಹೋಗುವವರಿಗೆ ಒಂದು ಮಾತು. ಆನ್‌ಲೈನ್ ವೋಟು ಅಂತ ನಮ್ಮಲ್ಲಿ ಇಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ಫಾರಂ 6ಎ ಹಾಕಿ ಊರಿನ ಪಟ್ಟಿಯಲ್ಲಿ ಇರಬಹುದು, ಆದರೆ ವೋಟು ಹಾಕಲು ಮತಗಟ್ಟೆಗೇ ಬರಬೇಕು.

ಅರ್ಜಿ ಹಾಕುವುದು

18 ತುಂಬುವ ತನಕ ಕಾಯಬೇಕಾಗಿಲ್ಲ. 17 ಆದ ಮೇಲೆ ಮುಂಚಿತವಾಗಿಯೇ ಅರ್ಜಿ ಕೊಟ್ಟಿಡಬಹುದು. ಮೊದಲು ಜನವರಿ 1 ಒಂದೇ ಲೆಕ್ಕದ ದಿನ ಆಗಿತ್ತು. ಜನವರಿ 2ಕ್ಕೆ ಹುಟ್ಟಿದವರು ಸುಮ್ನೆ ಒಂದು ವರ್ಷ ಕಾಯುತ್ತಿದ್ದರು. 2022ರಿಂದ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಹೀಗೆ ನಾಲ್ಕು ದಿನ ಇವೆ. ಇದರಲ್ಲಿ ಯಾವ ದಿನಕ್ಕೆ ನಿಮಗೆ 18 ತುಂಬಿರುತ್ತದೋ ಆ ಸುತ್ತಿನಲ್ಲಿ ಹೆಸರು ಸೇರುತ್ತದೆ.

ಹೊಸದಾಗಿ ಸೇರುವವರಿಗೆ ಫಾರಂ 6. ವಿಳಾಸ ಬದಲಾವಣೆ, ಹೆಸರು ಅಥವಾ ಫೋಟೋ ತಿದ್ದುಪಡಿ, ಕಳೆದುಹೋದ ಕಾರ್ಡು, ಇವೆಲ್ಲಕ್ಕೂ ಫಾರಂ 8. ಈಗಾಗಲೇ ಊರಲ್ಲಿ ಹೆಸರಿದ್ದು ಹಾಸ್ಟೆಲ್ಲಿಗೆ ಬದಲಾಯಿಸುವವರು ಮತ್ತೆ ಫಾರಂ 6 ಹಾಕಬೇಡಿ. ಫಾರಂ 8 ಹಾಕಿ. ಜಾಸ್ತಿ ಗೊಂದಲ ಆಗುವುದೇ ಇಲ್ಲಿ. ಎರಡೆರಡು ಕಡೆ ಹೆಸರು ಬಂದು ಕೊನೆಗೆ ಎಲ್ಲಿ ಉಳಿಯಿತು, ಎಲ್ಲಿ ಹೋಯಿತು ಅಂತ ಗೊತ್ತಾಗದೆ ಒದ್ದಾಡುತ್ತಾರೆ.

ಅರ್ಜಿ ಹಾಕಲು ಕೂರುವ ಮುಂಚೆ ಇಷ್ಟು ಹತ್ತಿರ ಇಟ್ಟುಕೊಳ್ಳಿ: ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಆಧಾರ್, ಪಾಸ್‌ಪೋರ್ಟ್ ಸೈಜಿನ ಫೋಟೋ, ಅಪ್ಪ ಅಥವಾ ಅಮ್ಮನ ವೋಟರ್ ಐಡಿ ನಂಬರು. ಆಧಾರ್‌ಗೆ ಲಿಂಕ್ ಆಗಿರುವ ಮೊಬೈಲ್ ಕೂಡ ಕೈಯಲ್ಲಿರಲಿ, ಈಗ ಆನ್‌ಲೈನ್ ಅರ್ಜಿಗೆ ಇ-ಸೈನ್ ಕೇಳುತ್ತದೆ, ಓಟಿಪಿ ಆ ನಂಬರಿಗೇ ಬರುತ್ತದೆ. ಎಷ್ಟೋ ಜನರ ಆಧಾರ್ ಇನ್ನೂ ಅಪ್ಪನ ನಂಬರಿಗೇ ಇರುತ್ತದೆ. ಅಪ್ಪ ಗದ್ದೆಯಲ್ಲಿ, ಫೋನು ಮನೆಯಲ್ಲಿ ಚಾರ್ಜಿಗೆ, ಇಲ್ಲಿ ಕಂಪ್ಯೂಟರ್ ಲ್ಯಾಬಿನಲ್ಲಿ ಮಗ ಓಟಿಪಿಗೆ ಕಾಯುತ್ತಾ ಕೂತಿರುತ್ತಾನೆ. ಮುಂಚೆಯೇ ಒಂದು ಫೋನ್ ಮಾಡಿ ಹೇಳಿಡಿ.

ಚುನಾವಣಾ ಆಯೋಗದ ಮತದಾರರ ಪೋರ್ಟಲ್‌ನಲ್ಲಿ ಅಥವಾ ವೋಟರ್ ಹೆಲ್ಪ್‌ಲೈನ್ ಆ್ಯಪ್‌ನಲ್ಲಿ ಅರ್ಜಿ ಹಾಕಬಹುದು. ಆಯೋಗದ ಬೇರೆ ಬೇರೆ ಆ್ಯಪ್‌ಗಳನ್ನೆಲ್ಲ ಇಸಿಐನೆಟ್ ಅನ್ನುವ ಒಂದೇ ಆ್ಯಪ್‌ಗೆ ಸೇರಿಸುವ ಕೆಲಸವೂ ನಡೆದಿದೆ, ಆದ್ದರಿಂದ ಹಳೆಯ ಆ್ಯಪ್ ಸಿಗದಿದ್ದರೆ ಇದನ್ನು ನೋಡಿ. ಏನೂ ಅರ್ಥವಾಗದಿದ್ದರೆ 1950ಕ್ಕೆ ಫೋನ್ ಮಾಡಿ. ಇಂಟರ್ನೆಟ್ ಬೇಡ ಅನ್ನುವವರು ಕಾಗದದ ಫಾರಂ ತುಂಬಿ ಬಿಎಲ್‌ಒ ಕೈಗೆ ಕೊಡಬಹುದು. ಬಿಎಲ್‌ಒ ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ. ಸಾಮಾನ್ಯವಾಗಿ ನಿಮ್ಮೂರಿನ ಅಂಗನವಾಡಿ ಟೀಚರ್ ಅಥವಾ ಶಾಲೆಯ ಮೇಷ್ಟ್ರೇ ಆಗಿರುತ್ತಾರೆ. ಅವರಿಗೆ ಗೌರವದಿಂದ ಮಾತಾಡಿಸಿ, ತಮ್ಮ ಕೆಲಸದ ಮೇಲೆ ಇದನ್ನೂ ಹೊತ್ತುಕೊಂಡವರು ಅವರು.

ಅರ್ಜಿ ತುಂಬುವಾಗ ಒಂದು ಕಡೆ ನಿಧಾನ ಮಾಡಿ. ಇಂಗ್ಲಿಷಿನಲ್ಲಿ ಹೆಸರು ಟೈಪ್ ಮಾಡಿದರೆ ಪಕ್ಕದಲ್ಲಿ ಕನ್ನಡದ ಹೆಸರು ತಾನಾಗಿಯೇ ಬರುತ್ತದೆ. ಅದನ್ನು ನಂಬಬೇಡಿ. ಗೌಡ ಹೋಗಿ ಗೋವ್ಡ ಆಗಿರಬಹುದು, ಪೂರ್ಣಿಮಾ ಹೋಗಿ ಪೂರ್ನಿಮ ಆಗಿರಬಹುದು. ಒಂದೊಂದು ಅಕ್ಷರ ನೋಡಿ, ಅಳಿಸಿ, ಕನ್ನಡದಲ್ಲೇ ಟೈಪ್ ಮಾಡಿ. ಇನಿಷಿಯಲ್ ವಿಷಯವೂ ಹಾಗೆಯೇ. ಮೊದಲ ಹೆಸರು, ಕೊನೆಯ ಹೆಸರು ಅಂತ ಎರಡು ಖಾನೆ ಇರುತ್ತದೆ. ನಮ್ಮಲ್ಲಿ ಎಚ್.ಎಂ., ಕೆ.ಆರ್. ಅಂತ ಇನಿಷಿಯಲ್ ಇರುವವರೇ ಜಾಸ್ತಿ. ಮಾರ್ಕ್ಸ್ ಕಾರ್ಡಿನಲ್ಲಿ ಹೇಗಿದೆಯೋ ಹಾಗೇ ಹಾಕಿ, ಆಧಾರಿನಲ್ಲಿ ಬೇರೆ ಥರ ಇದ್ದರೆ ಎರಡರಲ್ಲಿ ಒಂದನ್ನು ಮೊದಲು ಸರಿ ಮಾಡಿಸಿಕೊಳ್ಳಿ.

ಅರ್ಜಿ ಹೋದ ಮೇಲೆ ಒಂದು ರೆಫರೆನ್ಸ್ ನಂಬರ್ ಬರುತ್ತದೆ. ಸ್ಕ್ರೀನ್‌ಶಾಟ್ ತೆಗೆದಿಡಿ. ಬಿಎಲ್‌ಒ ಪರಿಶೀಲನೆಗೆ ಬರುತ್ತಾರೆ ಅಥವಾ ಫೋನ್ ಮಾಡುತ್ತಾರೆ. ಹಾಸ್ಟೆಲ್ ವಿಳಾಸ ಕೊಟ್ಟವರು ವಾರ್ಡನ್‌ಗೆ ಮುಂಚೆಯೇ ಹೇಳಿಡಿ, ಇಲ್ಲದಿದ್ದರೆ ಗೇಟಿನಲ್ಲೇ "ಆ ಹೆಸರಿನವರು ಯಾರೂ ಇಲ್ಲ" ಅಂತ ವಾಪಸ್ ಕಳಿಸಿಬಿಡುತ್ತಾರೆ. ಕಾರ್ಡು ಅಂಚೆಯಲ್ಲಿ ಬರುತ್ತದೆ. ಅದಕ್ಕೂ ಮುಂಚೆ ಇ-ಎಪಿಕ್, ಅಂದರೆ ವೋಟರ್ ಐಡಿಯ ಡಿಜಿಟಲ್ ಪ್ರತಿ, ಡೌನ್‌ಲೋಡ್ ಮಾಡಿಕೊಳ್ಳಬಹುದು.

ಮತ್ತೆ ಚುನಾವಣೆ ಘೋಷಣೆ ಆಗುವ ತನಕ ಕಾಯುತ್ತಾ ಕೂರಬೇಡಿ. ನಾಮಪತ್ರ ಸಲ್ಲಿಸುವ ಕೊನೆಯ ದಿನಕ್ಕೆ ಪಟ್ಟಿ ಮುಚ್ಚುತ್ತದೆ. ಅರ್ಜಿ ಅದಕ್ಕಿಂತ ಕನಿಷ್ಠ 10 ದಿನ ಮುಂಚೆ ಹೋಗಿರಬೇಕು. ಘೋಷಣೆ ಆದ ಮೇಲೆ ಉಳಿಯುವ ಆ ಕೆಲವೇ ದಿನದಲ್ಲಿ ಎಲ್ಲರೂ ಒಟ್ಟಿಗೇ ಮುಗಿಬೀಳುತ್ತಾರೆ.

ಹೆಸರು ಇದೆಯಾ ಅಂತ ಮತ್ತೆ ನೋಡುವುದು

ಜೇಬಿನಲ್ಲಿ ಕಾರ್ಡು ಇದೆ ಅಂದ ಮಾತ್ರಕ್ಕೆ ವೋಟು ಇದೆ ಅಂತಲ್ಲ. ಪಟ್ಟಿಯಲ್ಲಿ ಹೆಸರು ಇರಬೇಕು. ಕಾರ್ಡು ತೋರಿಸಿ ಜಗಳ ಮಾಡಿದರೂ ಒಳಗೆ ಬಿಡುವುದಿಲ್ಲ. ಪಟ್ಟಿ ಪರಿಷ್ಕರಣೆ ಆಗುವಾಗ ಮನೆಯಲ್ಲಿ ಇಲ್ಲದವರ ಹೆಸರು "ಬೇರೆಡೆಗೆ ಹೋಗಿದ್ದಾರೆ" ಅಂತ ಹೋಗಿಬಿಡುವ ಅಪಾಯ ಇರುತ್ತದೆ, ಅದರಲ್ಲೂ ಹಾಸ್ಟೆಲ್ ಹುಡುಗರದು. ಮನೆಯವರಿಗೆ ಹೇಳಿಡಿ: ಬಿಎಲ್‌ಒ ಬಂದು ಕೇಳಿದರೆ "ಓದೋಕೆ ಹೋಗಿದಾನೆ, ರಜೆಗೆ ಬರ್ತಾನೆ" ಅನ್ನಬೇಕು, ಸುಮ್ನೆ "ಇಲ್ಲಿಲ್ಲ" ಅನ್ನಬಾರದು.

2023ರ ವಿಧಾನಸಭೆ ಚುನಾವಣೆಗೆ ಮುಂಚೆ ಕಲಬುರಗಿ ಜಿಲ್ಲೆಯ ಆಳಂದದಲ್ಲಿ 6,018 ಹೆಸರು ತೆಗೆಯಿರಿ ಅಂತ ಆನ್‌ಲೈನ್‌ನಲ್ಲಿ ಅರ್ಜಿ ಬಂದಿದ್ದವು. ಪರಿಶೀಲಿಸಿದಾಗ ಸರಿಯಾಗಿದ್ದದ್ದು ಬರೀ 24. ಅಲ್ಲಿ ಅದು ಗಮನಕ್ಕೆ ಬಂತು, ಹೆಸರುಗಳು ಉಳಿದವು. ನಿಮ್ಮ ಹೆಸರನ್ನು ನೀವು ನೋಡಿಕೊಳ್ಳುವುದಕ್ಕೆ ಎರಡು ನಿಮಿಷ ಸಾಕು: ಪೋರ್ಟಲ್‌ನಲ್ಲಿ ವೋಟರ್ ಐಡಿ ನಂಬರ್ ಹಾಕಿ ಹುಡುಕಿ, ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಮತಗಟ್ಟೆ ಯಾವುದು ಅಂತ ಬರೆದಿಟ್ಟುಕೊಳ್ಳಿ. ಹಬ್ಬಕ್ಕೆ ಊರಿಗೆ ಹೋದಾಗ ಒಮ್ಮೆ, ಚುನಾವಣೆ ಹತ್ತಿರ ಬಂದಾಗ ಒಮ್ಮೆ ನೋಡಿದರೆ ಆಯಿತು.

ಯಾರಿಗೆ ಅನ್ನುವ ಪ್ರಶ್ನೆ

ಇದನ್ನು ನಾನು ಹೇಳುವುದಿಲ್ಲ. ಆದರೆ ಹೇಗೆ ನೋಡಬೇಕು ಅಂತ ಹೇಳಬಹುದು. ಪ್ರತಿ ಅಭ್ಯರ್ಥಿಯೂ ನಾಮಪತ್ರದ ಜೊತೆ ಫಾರಂ 26ರಲ್ಲಿ ಅಫಿಡವಿಟ್ ಕೊಡಬೇಕು. ಅದರಲ್ಲಿ ಆಸ್ತಿ, ಸಾಲ, ಓದು, ಮೇಲಿರುವ ಕೇಸುಗಳು ಎಲ್ಲಾ ಇರುತ್ತವೆ. ಆಯೋಗದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಓದಬಹುದು. ಹಳಬರೇ ಮತ್ತೆ ನಿಂತಿದ್ದರೆ ಹೋದ ಸಲದ ಅಫಿಡವಿಟ್ ಮತ್ತು ಈ ಸಲದ್ದು ಅಕ್ಕಪಕ್ಕ ಇಟ್ಟು ನೋಡಿ. ಐದು ವರ್ಷದಲ್ಲಿ ಆಸ್ತಿ ಎಷ್ಟಿದ್ದದ್ದು ಎಷ್ಟಾಗಿದೆ ಅನ್ನುವುದು ಯಾವ ಭಾಷಣಕ್ಕಿಂತಲೂ ಜಾಸ್ತಿ ಮಾತಾಡುತ್ತದೆ. ಕೇಸಿದ್ದರೆ ಯಾವ ಕೇಸು ನೋಡಿ. ಪ್ರತಿಭಟನೆ ಮಾಡಿ ರಸ್ತೆಯಲ್ಲಿ ಕೂತ ಕೇಸು ಬೇರೆ, ಹಲ್ಲೆ ವಂಚನೆ ಕೇಸು ಬೇರೆ.

ಯಾರೂ ಬೇಡ ಅನ್ನಿಸಿದರೆ ನೋಟಾ ಇದೆ, 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಬಂದದ್ದು. ಆದರೆ ನೋಟಾಗೆ ಎಷ್ಟೇ ಬಿದ್ದರೂ ಉಳಿದವರಲ್ಲಿ ಹೆಚ್ಚು ವೋಟು ಪಡೆದವರೇ ಗೆಲ್ಲುತ್ತಾರೆ, ಅಷ್ಟು ತಿಳಿದು ಒತ್ತಿ.

ದುಡ್ಡು, ಕುಕ್ಕರ್, ಸೀರೆ, ಬಾಡೂಟದ ವಿಷಯ. "ಇಸ್ಕೊಳ್ಳೋದು ಅವರ ಹತ್ರ, ಹಾಕೋದು ನಮಗೆ ಬೇಕಾದವರಿಗೆ" ಅಂತ ಜಾಣತನದ ಮಾತು ಹೇಳುವವರಿದ್ದಾರೆ. ಕಾನೂನಿನಲ್ಲಿ ಕೊಟ್ಟವರದ್ದೂ ತಪ್ಪು, ಇಸ್ಕೊಂಡವರದ್ದೂ ತಪ್ಪು. ಕಣ್ಣಿಗೆ ಬಿದ್ದರೆ ಸಿ-ವಿಜಿಲ್ ಅನ್ನುವ ಆಯೋಗದ ದೂರಿನ ಆ್ಯಪ್‌ನಲ್ಲಿ ಫೋಟೋ ಅಥವಾ ವಿಡಿಯೋ ಹಾಕಬಹುದು, ಹೆಸರು ಹೇಳದೆಯೂ ದೂರು ಕೊಡಬಹುದು.

ಇನ್ನು ಮನೆ. "ನಮ್ಮನೆ ವೋಟೆಲ್ಲಾ ಇಂಥವರಿಗೇ" ಅಂತ ಅಪ್ಪನೋ ದೊಡ್ಡಪ್ಪನೋ ಯಾರಿಗೋ ಮಾತು ಕೊಟ್ಟಿರುತ್ತಾರೆ. ಜಗಳ ಬೇಡ. ರಟ್ಟಿನ ಮರೆಯ ಹಿಂದೆ ನೀವೊಬ್ಬರೇ ಇರುತ್ತೀರಿ.

ವೋಟಿನ ದಿನ

ಪ್ರಯಾಣದ ಲೆಕ್ಕ ಮೊದಲೇ ಹಾಕಿ. 2024ರ ಲೋಕಸಭೆಗೆ ರಾಜ್ಯದಲ್ಲಿ ಎರಡು ದಿನ ವೋಟು ನಡೆಯಿತು. ಏಪ್ರಿಲ್ 26ಕ್ಕೆ 14 ಕ್ಷೇತ್ರ, ಮೇ 7ಕ್ಕೆ ಉಳಿದ 14. ಧಾರವಾಡದಲ್ಲಿ ಓದುವ ಹಾಸನದ ಹುಡುಗಿಗೆ ಹಾಸ್ಟೆಲ್ ಊರಿನ ತಾರೀಖು ಬೇರೆ, ಮನೆ ಊರಿನ ತಾರೀಖು ಬೇರೆ. ಟಿವಿಯಲ್ಲಿ ಬಂದ ತಾರೀಖು ನೋಡಿ ಬಸ್ಸು ಹತ್ತಬೇಡಿ, ನಿಮ್ಮ ಕ್ಷೇತ್ರದ್ದು ನೋಡಿ. ಹುಡುಗಿಯರಿಗೆ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿಗೆ ಟಿಕೆಟ್ ದುಡ್ಡಿಲ್ಲ, ರಾಜಹಂಸ, ಐರಾವತಕ್ಕೆ ಅದು ಅನ್ವಯಿಸುವುದಿಲ್ಲ. ಹುಡುಗರು ನಾಲ್ಕೈದು ಜನ ಒಂದೇ ಕಡೆಯವರಿದ್ದರೆ ಸೇರಿ ಹೋಗಿ. ಅರೆಕಾಲಿಕ ಕೆಲಸ ಮಾಡುವವರಿಗೆ ವೋಟಿನ ದಿನ ಸಂಬಳ ಸಹಿತ ರಜೆ ಕೊಡಬೇಕು ಅಂತ 1951ರ ಜನಪ್ರತಿನಿಧಿ ಕಾಯ್ದೆಯ 135ಬಿ ಸೆಕ್ಷನ್‌ನಲ್ಲಿದೆ. ಅಂಗಡಿ, ಹೋಟೆಲ್, ಡೆಲಿವರಿ ಕೆಲಸದವರು ಇದನ್ನು ಒಮ್ಮೆ ಬಾಯಿ ಬಿಟ್ಟು ಕೇಳಿ.

ತೋರಿಸುವ ದಾಖಲೆ: ವೋಟರ್ ಐಡಿ. ಅದಿಲ್ಲದಿದ್ದರೆ ಆಧಾರ್, ಪಾನ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಫೋಟೋ ಇರುವ ಬ್ಯಾಂಕ್ ಪಾಸ್‌ಬುಕ್ ಇಂಥವು. ಕಾಲೇಜ್ ಐಡಿ ಆ ಪಟ್ಟಿಯಲ್ಲಿಲ್ಲ. ಮನೆಗೆ ತಂದು ಕೊಡುವ ವೋಟರ್ ಸ್ಲಿಪ್ ಒಂದನ್ನೇ ತೋರಿಸಿದರೂ ನಡೆಯುವುದಿಲ್ಲ. ಮೊಬೈಲ್ ಒಳಗೆ ಒಯ್ಯುವಂತಿಲ್ಲ, ಸೆಲ್ಫಿ ಹೊರಗೆ ಬಂದ ಮೇಲೆ ಬೆರಳು ತೋರಿಸಿ ತೆಗೆದುಕೊಳ್ಳಿ.

ಒಳಗೆ ಏನಾಗುತ್ತದೆ ಅಂದರೆ, ಮೊದಲ ಮೇಜಿನವರು ನಿಮ್ಮ ಹೆಸರನ್ನು, ಕ್ರಮ ಸಂಖ್ಯೆಯನ್ನು ಗಟ್ಟಿಯಾಗಿ ಓದುತ್ತಾರೆ, ಪಕ್ಷಗಳ ಏಜೆಂಟರು ತಮ್ಮ ಪಟ್ಟಿಯಲ್ಲಿ ಗೆರೆ ಎಳೆದುಕೊಳ್ಳುತ್ತಾರೆ. ಎರಡನೆಯವರು ರಿಜಿಸ್ಟರಿನಲ್ಲಿ ಸಹಿ ಹಾಕಿಸಿ ಎಡಗೈ ತೋರುಬೆರಳಿಗೆ ಶಾಯಿ ಹಚ್ಚುತ್ತಾರೆ. ಆ ಶಾಯಿ ನಮ್ಮ ಮೈಸೂರಿನದೇ, ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯದು, 1962ರಿಂದ ದೇಶಕ್ಕೆಲ್ಲ ಹೋಗುತ್ತಿದೆ. ಮೂರನೆಯವರು ಕಂಟ್ರೋಲ್ ಯೂನಿಟ್ಟಿನಲ್ಲಿ ಬಟನ್ ಒತ್ತಿದ ಮೇಲೆ ಮರೆಯ ಹಿಂದಿನ ಯಂತ್ರ ನಿಮ್ಮ ವೋಟಿಗೆ ಸಿದ್ಧ. ನೀಲಿ ಬಟನ್ ಒತ್ತಿ, ಕೆಂಪು ದೀಪ ಹತ್ತುತ್ತದೆ, ವಿವಿಪ್ಯಾಟ್‌ನ ಗಾಜಿನ ಕಿಟಕಿಯಲ್ಲಿ ಚೀಟಿ 7 ಸೆಕೆಂಡ್ ಕಾಣಿಸಿ ಕೆಳಗೆ ಬೀಳುತ್ತದೆ, ಬೀಪ್ ಅನ್ನುತ್ತದೆ. ಬೀಪ್ ಬರುವ ತನಕ ನಿಂತಿರಿ. ಗಡಿಬಿಡಿಯಲ್ಲಿ ಬಟನ್ ಒತ್ತಿದ ಕೂಡಲೇ ಓಡಿ ಬರುವವರೇ ಜಾಸ್ತಿ, ಚೀಟಿಯಲ್ಲಿ ಯಾರ ಹೆಸರು ಬಂತು ಅಂತಲೂ ನೋಡಿರುವುದಿಲ್ಲ.

"ನಿಮ್ಮ ವೋಟು ಆಗಲೇ ಬಿದ್ದಿದೆ" ಅಂದರೆ ಬೇಜಾರು ಮಾಡಿಕೊಂಡು ವಾಪಸ್ ಬರಬೇಡಿ. ನಿಮ್ಮ ಗುರುತು ಸಾಬೀತು ಮಾಡಿ ಟೆಂಡರ್ಡ್ ಬ್ಯಾಲೆಟ್ ಕೇಳಿ, ಕಾಗದದ ಮತಪತ್ರ ಕೊಡುತ್ತಾರೆ. ಮತ್ತೆ ಸಮಯ ಮುಗಿಯುವಾಗ ನೀವು ಸಾಲಿನಲ್ಲಿ ನಿಂತಿದ್ದರೆ ಸಾಕು, ಎಷ್ಟು ಹೊತ್ತಾದರೂ ನಿಮಗೆ ವೋಟು ಹಾಕಲು ಬಿಡಲೇಬೇಕು.

ಕ್ಲಾಸಿನವರನ್ನು ಜೊತೆಗೆ ಕರೆದುಕೊಳ್ಳುವುದು

2024ರ ಲೋಕಸಭೆ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇಕಡಾ 81ಕ್ಕೂ ಹೆಚ್ಚು ವೋಟು ಬಿತ್ತು. ಬೆಂಗಳೂರು ದಕ್ಷಿಣದಲ್ಲಿ 53ರ ಆಸುಪಾಸು. ಬೆಂಗಳೂರಿನವರಿಗೆ ರಾಜಕೀಯ ಗೊತ್ತಿಲ್ಲ ಅಂತಲ್ಲ, ಚಹಾ ಅಂಗಡಿಯಲ್ಲಿ ಅವರೂ ಅಷ್ಟೇ ಮಾತಾಡುತ್ತಾರೆ. ಹಳ್ಳಿಯಲ್ಲಿ ಬೆಳಿಗ್ಗೆ ಬಾಗಿಲಿಗೆ ಬಂದು "ಹಾಕಿ ಬಂದ್ರಾ" ಅಂತ ಕೇಳುವವರಿರುತ್ತಾರೆ. ಅಪಾರ್ಟ್‌ಮೆಂಟಿನಲ್ಲಿ, ಪಿಜಿಯಲ್ಲಿ ಯಾರೂ ಕೇಳುವುದಿಲ್ಲ. ನನಗೆ ಕಾಣುವ ದೊಡ್ಡ ವ್ಯತ್ಯಾಸ ಇದೇ. ಆದ್ದರಿಂದ ಕೇಳುವವರು ನೀವಾಗಿ.

ಕಾಲೇಜಿನಲ್ಲಿ ಮತದಾರರ ಸಾಕ್ಷರತಾ ಸಂಘ ಅಂತ ಇರುತ್ತದೆ, ಕಾಗದದ ಮೇಲಾದರೂ. ಅದರ ಉಸ್ತುವಾರಿ ಅಧ್ಯಾಪಕರು ಯಾರು ಅಂತ ಪತ್ತೆ ಮಾಡಿ. ಜಾಥಾ ಬೇಡ ಸಾರ್, ಲ್ಯಾಬ್ ಒಂದು ಮಧ್ಯಾಹ್ನ ಬಿಟ್ಟುಕೊಡಿ ಅಂತ ಕೇಳಿ. ಹಿಂದಿನ ದಿನವೇ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಏನೇನು ತರಬೇಕು ಅಂತ ಹಾಕಿ. ಬೋನಫೈಡ್ ಬೇಕಾದವರ ಪಟ್ಟಿ ಮಾಡಿ ಆಫೀಸಿಗೆ ಒಟ್ಟಿಗೆ ಕೊಡಿ, ಒಬ್ಬೊಬ್ಬರೇ ಹೋದರೆ ಕ್ಲರ್ಕ್ "ನಾಳೆ ಬಾ" ಅನ್ನುತ್ತಾರೆ, ಐವತ್ತು ಜನರ ಪಟ್ಟಿ ಹೋದರೆ ಪ್ರಾಂಶುಪಾಲರೇ ಸಹಿ ಹಾಕಿ ಕಳಿಸುತ್ತಾರೆ. ಫೋಟೋ ತೆಗೆಯಲು ಬಿಳಿ ಗೋಡೆ ಒಂದು ಸಾಕು. ಜನವರಿ 25 ಮತದಾರರ ದಿನ, ಆಗ ಕೇಳಿದರೆ ಇಲ್ಲ ಅನ್ನುವುದಿಲ್ಲ. ಪಕ್ಷದ ಬಾವುಟ, ಶಾಲು ಮಾತ್ರ ಆ ಲ್ಯಾಬಿನೊಳಗೆ ಬರದಂತೆ ನೋಡಿಕೊಳ್ಳಿ. ಒಮ್ಮೆ ಬಂತೆಂದರೆ ಅರ್ಧ ಕ್ಲಾಸು ಎದ್ದು ಹೋಗುತ್ತದೆ.

ಮಿಕ್ಕ ದಿನಗಳಲ್ಲಿ

ವೋಟು ಐದು ವರ್ಷಕ್ಕೊಮ್ಮೆ ಅನ್ನುತ್ತೇವೆ, ಅದೂ ಯಾವಾಗಲೂ ನಿಜವಲ್ಲ. ಬೆಂಗಳೂರು ಪಾಲಿಕೆಗೆ 2015ರಲ್ಲಿ ಚುನಾವಣೆ ಆಯಿತು, 2020ರ ಸೆಪ್ಟೆಂಬರಿಗೆ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇರಲಿಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಗೆದ್ದವರ ಅವಧಿ 2021ಕ್ಕೆ ಮುಗಿದು ಅಲ್ಲೂ ಅದೇ ಕಥೆ. ಹಾಗಾಗಿ ಕೇಳುವುದನ್ನು ಕಲಿಯಬೇಕು.

ಊರಿನ ಪಟ್ಟಿಯಲ್ಲಿ ಹೆಸರಿರುವವರು ಗ್ರಾಮ ಸಭೆಗೆ ಹೋಗಿ. ಆರು ತಿಂಗಳಿಗೊಮ್ಮೆಯಾದರೂ ಸೇರಿಸಬೇಕು ಅಂತ ಕಾನೂನಿದೆ. ದಿನಾಂಕ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಹತ್ತಿರ ಕೇಳಿ. ಸುಮ್ನೆ ಕೂತು ಬರಬೇಡಿ, ಒಂದೇ ವಿಷಯ ಬರೆದುಕೊಂಡು ಹೋಗಿ ಓದಿ ಹೇಳಿ, ಅದು ನಡಾವಳಿ ಪುಸ್ತಕದಲ್ಲಿ ಬರುವ ತನಕ ಏಳಬೇಡಿ.

ಇನ್ನೊಂದು ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಅರ್ಜಿ 150 ಪದ ದಾಟಬಾರದು, ಒಂದೇ ವಿಷಯ ಇರಬೇಕು. ಪ್ರಶ್ನೆ ಕೇಳುವುದರಲ್ಲೇ ಎಲ್ಲಾ ಇದೆ. "ನಮ್ಮ ಹಾಸ್ಟೆಲ್ ರಸ್ತೆ ಯಾಕೆ ರಿಪೇರಿ ಮಾಡಿಲ್ಲ" ಅಂತ ಕೇಳಿದರೆ ಉತ್ತರ ಬರುವುದಿಲ್ಲ, "ಯಾಕೆ" ಅನ್ನುವುದು ಅವರ ಕಡತದಲ್ಲಿ ಇರುವುದಿಲ್ಲ. "ಇಂಥ ರಸ್ತೆಯ ಕಾಮಗಾರಿಗೆ 2024-25ರಲ್ಲಿ ಮಾಡಿದ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ ಮತ್ತು ಪಾವತಿಸಿದ ಬಿಲ್‌ಗಳ ದೃಢೀಕೃತ ನಕಲು ಕೊಡಿ" ಅಂತ ಕೇಳಿ. ಶಾಸಕರ ಕ್ಷೇತ್ರ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ. ನಿಮ್ಮ ಕಡೆ ಅದು ಯಾವ ಕೆಲಸಕ್ಕೆ ಹೋಯಿತು ಅಂತ ಕೇಳುವುದು ಮೊದಲ ಅರ್ಜಿಗೆ ಒಳ್ಳೆಯ ವಿಷಯ.

21 ತುಂಬಿದ ಮೇಲೆ ಗ್ರಾಮ ಪಂಚಾಯಿತಿಗೋ ನಗರಸಭೆಗೋ ನೀವೇ ನಿಲ್ಲಬಹುದು. ಶಾಸಕರಾಗಲು 25 ಆಗಬೇಕು. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಊರಿನವರಿಗೆ ನೀವು ಗೊತ್ತಿದ್ದರೆ ಆಯಿತು.

ಕೊನೆಯದಾಗಿ ಡಿಗ್ರಿ ಮುಗಿಸುವವರಿಗೆ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಪದವೀಧರರು ಆರಿಸುವಂಥವು. ಡಿಗ್ರಿ ಆಗಿ 3 ವರ್ಷ ಆಗಿರಬೇಕು, ಫಾರಂ 18 ಬೇರೆಯಾಗಿ ಹಾಕಬೇಕು. ಮಾಮೂಲಿ ವೋಟರ್ ಪಟ್ಟಿಯಲ್ಲಿ ಹೆಸರಿದ್ದರೂ ಇಲ್ಲಿ ತಾನಾಗಿ ಬರುವುದಿಲ್ಲ, ಮತ್ತೆ ಪ್ರತಿ ಚುನಾವಣೆಗೂ ಪಟ್ಟಿ ಹೊಸದಾಗಿ ಮಾಡುತ್ತಾರೆ. ಆದ್ದರಿಂದ ಡಿಗ್ರಿ ಸರ್ಟಿಫಿಕೇಟಿನ ಒಂದೆರಡು ದೃಢೀಕೃತ ನಕಲು ಮನೆಯಲ್ಲಿಟ್ಟಿರಿ. ಇಲ್ಲಿ ಯಂತ್ರ ಇಲ್ಲ, ಮತಪತ್ರ. ಮೆಚ್ಚಿದವರ ಹೆಸರಿನ ಮುಂದೆ 1, ಆಮೇಲಿನವರಿಗೆ 2, 3 ಅಂತ ಅಂಕಿಯಲ್ಲಿ ಬರೆಯಬೇಕು, ಅದೂ ಅವರು ಅಲ್ಲಿ ಕೊಡುವ ಪೆನ್ನಿನಲ್ಲೇ. ಟಿಕ್ ಹಾಕಿದರೆ, ಸಹಿ ಮಾಡಿದರೆ ವೋಟು ಕುಲಗೆಡುತ್ತದೆ. ಓದಿದವರದ್ದೇ ಚುನಾವಣೆ, ಆದರೂ ಪ್ರತಿ ಸಲವೂ ಎಣಿಕೆಯಲ್ಲಿ ಅಸಿಂಧು ಮತಪತ್ರಗಳ ಕಟ್ಟು ಬೇರೆಯಾಗಿ ಕಟ್ಟಿಡುತ್ತಾರೆ.